ಬಿಸಿಯಾಗದೆ ಕದಲದ ಕಾರು

ಗೆಳೆಯರೇ, ಇವತ್ತು ಬೆಳಿಗ್ಗೆ ನಾನು ಗೆದ್ದೆ!

ಚನ್ನಪಟ್ಟಣದಲ್ಲಿ ಕೊರೆಯುವ ಚಳಿ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ಧಣಿಗಳ ಕಾರಿನ ಇಂಜಿನ್ ಎಬ್ಬಿಸಿ, ಬಿಸಿಯಾಗಲೆಂದು ನಿಂತಲ್ಲೇ ಗುಡುಗುಟ್ಟಿಸುತ್ತಿದ್ದೆ. ಪಕ್ಕದೂರು ಕ್ಲೋಸ್‌ಪೇಟೆಯ ಕಚೇರಿಗೆ ಹೊರಟಿದ್ದ ಧಣಿ ದೊಡ್ಡಗೌಡರು ಹಿಂದಿನ ಸೀಟಿನಲ್ಲಿ ಸಿಡಿದರು.

"ನಿಂತಲ್ಲೇ ಪೆಟ್ರೋಲ್ ಕುಡಿಸ್ತಾ ಇದ್ದೀಯಲ್ಲೋ! ಹೊರಡು ಕಣ್ಲಾ!"

"ಒಸಿ ತಡೀರಿ ಬುದ್ಧಿ, ಇಂಜಿನ್ ಇನ್ನೂ ತಣ್ಣಗೈತೆ. ಈಗ್ಲೇ ಓಡಿಸಿದ್ರೆ ದಾರೀಲಿ ಕೈ ಕೊಡ್ತದೆ."

"ಈ ಡಬ್ಬ ನೀನೇ ಇಟ್ಕೋ! ಕುದುರೆಗೆ ಇಂಥಾ ಸೋಗಿಲ್ಲ ಕಣ್ಲಾ!"

ಗೌಡರು ದಡಬಡ ಇಳಿದು, ಎದುರಿಗೆ ನಿಂತಿದ್ದ ಹುಸೇನ್ ಸಾಬರ ಜಟಕಾ ಹತ್ತಿ ಕೂತರು. ಸಾಬರು ಮಾತ್ರ ಹತ್ತಲಿಲ್ಲ. ಗೋಣಿತಾಟು ಹಿಡಿದು ಕುದುರೆಯ ಕಾಲು ಉಜ್ಜತೊಡಗಿದರು.

"ಏನ್ ಸಾಬ್ರೇ, ಹೊರಡಲ್ವಾ?"

"ಒಸಿ ತಡೀರಿ ಗೌಡ್ರೇ, ಚಳೀಗೆ ಕಾಲು ಹಿಡ್ಕೊಂಡೈತೆ. ಬೆಚ್ಚಗಾಗದೆ ಓಡಿಸಿದ್ರೆ ಕುಂಟ್ತದೆ."

ಗೌಡರು ಇಳಿದು ಬಂದು ಕಾರಿನಲ್ಲಿ ಕೂತರು. ಅಷ್ಟೊತ್ತಿಗೆ ಇಂಜಿನ್ ಕಾದು ಹದಕ್ಕೆ ಬಂದಿತ್ತು. ಆದರೂ ಇನ್ನೆರಡು ನಿಮಿಷ ಗುಡುಗುಟ್ಟಿಸಿದೆ. ಹಿಂದೆ ಗೌಡರು ಶಾಲು ಹೊದ್ದು ಕಾಯುತ್ತಾ ಕೂತರು.

ಆ ಎರಡು ನಿಮಿಷದ ಪೆಟ್ರೋಲ್ ಉರಿದದ್ದು ಮಾತ್ರ ನನ್ನ ಖುಷಿಗೆ.