ಗರ್ಮೈ ಮತ್ತು ಹಬ್ಬದ ಹರಾಜುಗಾರ

ಗರ್ಮೈ ಕುಟ್ಟಿದ ಡಂಬಾಯ್ ಮುದ್ದೆ ತಿನ್ನದೆ ಘಾನಾದ ನಮ್ಮ ಲೈಬೀರಿಯನ್ನರ ಶಿಬಿರದಲ್ಲಿ ಕೃತಜ್ಞತೆಯ ಹಬ್ಬ ಮುಗಿಯುತ್ತಿರಲಿಲ್ಲ. ನವೆಂಬರಿನ ಮೊದಲ ಗುರುವಾರ ಅವಳು ಬೆಂದ ಮರಗೆಣಸನ್ನು ಒರಳಿಗೆ ಸುರಿದು ಒನಕೆ ಎತ್ತಿದಳೆಂದರೆ ಗಂಡಸರೂ ಮಾರು ದೂರ ನಿಲ್ಲುತ್ತಿದ್ದರು. ನಾಡು ಕಳೆದುಕೊಂಡವರಿಗೆ ಹಬ್ಬದ ಹಟ ಹೆಚ್ಚು. ಊರಲ್ಲಿದ್ದಾಗ ಚರ್ಚಿನ ಕಡೆ ತಲೆ ಹಾಕದ ಸೋಮಾರಿಗಳೂ ಇಲ್ಲಿ ಪಪ್ಪಾಯಿ, ಬಾಳೆಗೊನೆಯ ಬುಟ್ಟಿ ಹೊತ್ತು ಮುಂದಿನ ಬೆಂಚಿಗೆ ಜಗಳವಾಡುತ್ತಿದ್ದರು. ಪ್ರಾರ್ಥನೆಯಾದ ಮೇಲೆ ಬುಟ್ಟಿಗಳ ಹರಾಜು, ಅದಾದ ಮೇಲೆ ಊಟ.

ಹರಾಜು ಶುರುವಾಗುವ ಮೊದಲೇ ಗರ್ಮೈ ಹೊರಗೆ ಒರಳಿನ ಹತ್ತಿರ ಹೋಗಿಬಿಡುತ್ತಿದ್ದಳು. ಕಾರಣ ಎಲ್ಲರಿಗೂ ಗೊತ್ತಿತ್ತು. ತೊಂಬತ್ತರ ಅಂತರ್ಯುದ್ಧದಲ್ಲಿ ರಾಜಧಾನಿ ಮನ್ರೋವಿಯಾ ಬಿಟ್ಟು ಓಡುವಾಗ ಬಂಡುಕೋರರು ದಾರಿಗೆ ಹಗ್ಗ ಕಟ್ಟಿ ಅವಳ ಗಂಡ, ಬಡಗಿ ಫ್ಲೋಮೊನನ್ನು ಹಿಡಿದು ನಿಲ್ಲಿಸಿದ್ದರು. ಕೋವಿ ಹಿಡಿದವರಲ್ಲಿ ಒಬ್ಬನಿಗೆ ತಮಾಷೆ ಬೇಕಿತ್ತು. ಹೆಂಗಸರ ಕೂದಲಿನ ಟೋಪನ್ನನ್ನು ಕಣ್ಣಿನವರೆಗೆ ಎಳೆದುಕೊಂಡು, ಚರ್ಚಿನ ಹಬ್ಬದ ರಾಗದಲ್ಲೇ ಫ್ಲೋಮೊನನ್ನು ಹರಾಜಿಗಿಟ್ಟ. ಗರ್ಮೈ ತಲೆಮೇಲಿನ ಅಕ್ಕಿಗಂಟು ಕೂಗಿದಳು, ಮದುವೆಯ ಉಂಗುರ ಕೂಗಿದಳು, ಕಾಲಿನ ಚಪ್ಪಲಿಯನ್ನೂ ಕೂಗಿದಳು. ಆ ಪಾಪಿ ಎಲ್ಲವನ್ನೂ ಕಿತ್ತುಕೊಂಡು, "ಮೂರನೇ ಸಲಾ" ಎಂದು ಫ್ಲೋಮೊನ ತಲೆಗೆ ಗುಂಡಿಟ್ಟ. ಹೆಣವನ್ನು ಕಾಲು ಹಿಡಿದು ಎಳೆದೊಯ್ದರು. ಅವಳನ್ನು ಕೋವಿಯ ಹಿಡಿಯಿಂದ ಬಡಿದು ಓಡಿಸಿದರು.

ಅಳುವುದೆಲ್ಲ ಅತ್ತು ಮುಗಿದಿತ್ತು. ಎಲ್ಲಿ ಹೂತರು ಎಂಬುದೊಂದು ಮಾತ್ರ ಅವಳನ್ನು ತಿನ್ನುತ್ತಿತ್ತು. ಮಾರ್ಚಿನಲ್ಲಿ ನಮ್ಮವರು ಸಮಾಧಿ ತೊಳೆದು ಸುಣ್ಣ ಬಳಿಯುತ್ತಾರೆ. ಬಳಿಯಲು ಅವಳಿಗೆ ಒಂದು ಕಲ್ಲೂ ಇರಲಿಲ್ಲ.

ಏಳನೆಯ ವರ್ಷ ಎಂದಿನ ಹರಾಜುಗಾರ ಮಲೇರಿಯಾದಿಂದ ಮಲಗಿದ. ಹೊಸದಾಗಿ ಶಿಬಿರ ಸೇರಿದ್ದ ಆಮೋಸ್ ಎಂಬವನು ಬುಟ್ಟಿ ಎತ್ತಿ ನಿಂತ.

"ಒಂದನೇ ಸಲಾ! ಏನ್ರಪ್ಪಾ, ದೇವ್ರ ಹತ್ರಾನೂ ಜಿಪುಣತನಾನಾ? ಎರಡನೇ ಸಲಾ!"

ಜನ ನಕ್ಕರು. ಆ ದನಿ ಕೇಳಿ ಹೊರಗೆ ಗರ್ಮೈಯ ಒನಕೆ ಎತ್ತಿದ್ದು ಎತ್ತಿದಂತೆಯೇ ನಿಂತಿತು. ಮರುಗಳಿಗೆಯಲ್ಲಿ ಅವಳು ಒಳಗಿದ್ದಳು. ಆಮೋಸ್ ಮೂರನೆಯ ಸಲಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒನಕೆ ಅವನ ಹೆಗಲಿಗೆ ಬಿತ್ತು. ಮೂಳೆ ಮುರಿದದ್ದು ಹಿಂದಿನ ಬೆಂಚಿಗೂ ಕೇಳಿಸಿತು.

"ಇವ್ನೇ! ನನ್ನ ಫ್ಲೋಮೊನ ಹರಾಜು ಹಾಕಿ ಕೊಂದೋನು ಇವ್ನೇ!"

"ಅವ್ವಾ, ಕಮಾಂಡರ್ ಹೇಳ್ದ, ನಾನು ಮಾಡ್ದೆ," ಎಂದು ಅವನು ನೆಲದ ಮೇಲಿಂದ ಕಿರುಚಿದ. ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆ ಚರ್ಚಿನಲ್ಲಿ ಹೆಣ ಕಾಣದ ಮನೆ ಯಾವುದಿತ್ತು? ಎಲ್ಲರೂ ತಮ್ಮ ತಮ್ಮ ಸತ್ತವರಿಗಾಗಿ ಹೊಡೆದರು. ಬೆಂಚಿನ ಕಾಲು ಮುರಿದುಕೊಂಡರು, ಇಟ್ಟಿಗೆ ತಂದರು. ಅಡ್ಡ ಬಂದ ಪಾಸ್ಟರ್ ಟೊಗ್ಬಾನ ಹಲ್ಲು ಎರಡು ಉದುರಿದವು.

"ಎಲ್ಲಿ ಹೂತೆ, ಬೊಗಳೋ!" ಎಂದಳು ಗರ್ಮೈ.

"ಸೇತುವೆ ಹತ್ರ!"

ಒಂದು ಏಟು ಬಿತ್ತು.

"ಅಲ್ಲ, ಶಾಲೆ ಬಾವೀಲಿ!"

ಇನ್ನೊಂದು ಬಿತ್ತು.

"ರಬ್ಬರ್ ತೋಟದಲ್ಲಿ, ರಬ್ಬರ್ ತೋಟದಲ್ಲಿ!"

ಗರ್ಮೈಗೆ ಅರ್ಥವಾಯಿತು. ಏಟಿಗೊಂದು ಗೋರಿ ಹುಟ್ಟುತ್ತಿತ್ತು. ಒನಕೆ ಬಿಸಾಡಿ ಅವನ ಮೇಲೆ ಬೋರಲು ಬಿದ್ದಳು. "ಹೊಡೀಬೇಡ್ರೋ! ಇವ್ನು ಸತ್ರೆ ನಂಗೆ ಹೇಳೋರ್ಯಾರು?" ಬೀಸಿದ ಇಟ್ಟಿಗೆ ಅವಳ ಬೆನ್ನಿಗೇ ತಗುಲಿತು.

"ಎದ್ದೇಳೇ! ಗಂಡನ್ನ ಕೊಂದೋನಿಗೆ ಹಾಸಿಗೆ ಆಗ್ತೀಯಾ?" ಎಂದು ಯಾರೋ ಹಂಗಿಸಿದರು. ಅವಳು ಕದಲಲಿಲ್ಲ. ಜನ ಇಟ್ಟಿಗೆ ಕೆಳಗಿಡದೆ ಏದುಸಿರು ಬಿಡುತ್ತ ಸುತ್ತ ನಿಂತರು. ಅವಳು ಅವನ ಕಿವಿಗೆ ಬಾಯಿಟ್ಟಳು.

"ನಿಜ ಹೇಳ್ಬಿಡು ಮಗಾ, ಬದುಕಿಸ್ಕೋತೀನಿ. ಎತ್ತರದ ಆಳು. ನೀಲಿ ಅಂಗಿ. ಎಡಗೈ ಹೆಬ್ಬೆರಳು ಇರ್ಲಿಲ್ಲ. ಎಲ್ಲಿ ಹಾಕ್ದೆ?"

ಆಮೋಸ್ ಬಿಚ್ಚಲಾಗುತ್ತಿದ್ದ ಒಂದೇ ಕಣ್ಣಿನಿಂದ ಅವಳನ್ನು ನೋಡಿದ. ನಿಜವಾಗಿಯೂ ನೆನಪು ಮಾಡಿಕೊಳ್ಳಲು ಒದ್ದಾಡಿದ.

"ದಿನಾ ತುಂಬ ಜನ ಇರ್ತಿದ್ರು ಅವ್ವಾ. ಜ್ಞಾಪಕ ಬರ್ತಿಲ್ಲ. ನೀನೇ ಒಂದು ಜಾಗ ಹೇಳು, ನಾನು ಹೂಂ ಅಂತೀನಿ."

ಗರ್ಮೈ ಎದ್ದು ಪಕ್ಕಕ್ಕೆ ಸರಿದಳು.