ಒಂದು ಬೀರು, ಇಬ್ಬರು ಕಾರ್ಯದರ್ಶಿಗಳು

೧೯೬೧ನೇ ಇಸವಿ. ನನಗೆ ಮದುವೆಯಾಗಿ ಒಂದು ವರ್ಷ ಆಗಿತ್ತು. ತವರು ಬೇತಮಂಗಲ, ಅಲ್ಲಿ ಎಂಟನೇ ಕ್ಲಾಸಿನವರೆಗೆ ಓದಿದ್ದೆ. ಗಂಡನ ಮನೆ ಕ್ಯಾಸಂಬಳ್ಳಿ ಹತ್ತಿರ ಒಂದು ಸಣ್ಣ ಹಳ್ಳಿ. ಅಲ್ಲಿ ಹತ್ತು ಮನೆಯವರು ಕುರಿ ಸಾಕಿ ಕಂಬಳಿ ನೇಯುತ್ತಿದ್ದರು. ಹತ್ತು ಮನೆಗೂ ಮಾತು ನಡೆಯುತ್ತಿದ್ದದ್ದು ನನ್ನ ಅತ್ತೆ ಮುನಿಯಮ್ಮನವರದ್ದು. ಓದು ಬರಹ ಬಾರದು. ಆದರೆ ಕಂಬಳಿಯನ್ನು ಬೆರಳಲ್ಲಿ ಉಜ್ಜಿ ನೋಡಿ ಇದು ಯಾರ ಮಗ್ಗದ್ದು ಅಂತ ಹೇಳಿಬಿಡುತ್ತಿದ್ದರು.

ಆಗ ಬಂಗಾರಪೇಟೆಯಲ್ಲಿ ಒಂದು ವರ್ತಕರ ಸಂಘ ಇತ್ತು. ಹೆಸರು ಬೇಡ. ಬಂಗಾರಪೇಟೆಯ ವರ್ತಕರೂ ಚಿನ್ನದ ಗಣಿ ಕಡೆಯ ವರ್ತಕರೂ ಆಗಷ್ಟೇ ಸೇರಿ ಮಾಡಿಕೊಂಡದ್ದು. ಅವರು ಒಂದು ದಿನ ಕಾರಿನಲ್ಲಿ ನಮ್ಮೂರಿಗೆ ಬಂದರು. ಅರಳಿಕಟ್ಟೆ ಮೇಲೆ ನಿಂತು ಭಾಷಣ ಮಾಡಿದರು. ಗಣಿಯ ಕಾವಲುಗಾರರಿಗೆ ಕೊಡುವ ಕಂಬಳಿ ಎಲ್ಲಿಂದಲೋ ಬರುತ್ತಿದೆ, ಇನ್ನು ಮುಂದೆ ಇಲ್ಲಿನದನ್ನೇ ಕೊಳ್ಳುವ ಹಾಗೆ ಮಾಡುತ್ತೇವೆ, ನೀವು ಸಂತೆಯಲ್ಲಿ ಮಾರಿಕೊಳ್ಳದೆ ಇಟ್ಟುಕೊಳ್ಳಿ ಅಂದರು. ಮಾದರಿಗೆ ಅಂತ ಎರಡು ಕಂಬಳಿ ತೆಗೆದುಕೊಂಡು ಹೋದರು. ಇದನ್ನೇ ಅಚ್ಚು ಹಾಕಿಸಿದ ಒಂದು ಕಾಗದವನ್ನೂ ಕೊಟ್ಟರು.

ಆ ಕಾಗದವನ್ನು ಮನೆಮನೆಗೂ ಹೋಗಿ ಓದಿ ಹೇಳಿದವಳು ನಾನು. ಪಕ್ಕದ ಮನೆ ಗಂಗಮ್ಮನಿಗೆ ಮಾತ್ರ ನಂಬಿಕೆ ಬರಲಿಲ್ಲ. ಆಕೆ ಗಂಡ ತೀರಿಕೊಂಡವಳು, ತಮ್ಮನ ಕೈಲಿ ಮಗ್ಗ ಆಡಿಸುತ್ತಿದ್ದಳು. "ನಂಗೆ ಸಂತೆನೇ ಸಾಕು ಕಣಮ್ಮ" ಅಂದಳು. "ಅಚ್ಚಲ್ಲೇ ಹಾಕಿದಾರೆ ಅಕ್ಕ, ಸುಳ್ಳು ಹೇಳ್ತಾರಾ?" ಅಂತ ಒಪ್ಪಿಸಿದೆ.

ಮೂರು ತಿಂಗಳಾಯಿತು. ಸುದ್ದಿಯೇ ಇಲ್ಲ. ಕಂಬಳಿ ಅಟ್ಟದ ತನಕ ಬೆಳೆದವು. ಅತ್ತೆ ನನ್ನನ್ನು ಕರೆದುಕೊಂಡು ಬಸ್ಸು, ರೈಲು ಹತ್ತಿ ಬಂಗಾರಪೇಟೆಗೆ ಹೊರಟರು.

ಸಂಘದ ಕಾರ್ಯದರ್ಶಿ ಬೆಲ್ಲದ ಮಂಡಿ ಸೆಟ್ಟರು. ಒಳ್ಳೆಯವರೇ, ಕುಡಿಯಲು ಮಜ್ಜಿಗೆ ಕೊಡಿಸಿದರು. ವಿಷಯ ಕೇಳಿದರೆ, "ನಿಮ್ಮ ಕಾಗದಪತ್ರ ಎಲ್ಲಾ ಸಂಘದ ಬೀರುವಿನಲ್ಲಿದೆಯಮ್ಮ. ಬೀಗದ ಕೈ ಮೊದಲಿಯಾರ್ ಹತ್ರ ಇದೆ" ಅಂದರು.

ಮೊದಲಿಯಾರ್ ಅಂದರೆ ಗಣಿ ಕಡೆಯ ರಾಬರ್ಟ್‌ಸನ್‌ಪೇಟೆಯ ಜವಳಿ ಅಂಗಡಿಯವರು. ಮರುವಾರ ಅಲ್ಲಿಗೆ ಹೋದೆವು. ಅವರೂ ಸಂಘದ ಕಾರ್ಯದರ್ಶಿಯೇ! ಎರಡು ಕಡೆಯವರು ಸೇರಿದಾಗ ಎರಡು ಕಡೆಯ ಕಾರ್ಯದರ್ಶಿಗಳೂ ಹಾಗೇ ಉಳಿದುಕೊಂಡಿದ್ದರು. ಬೀರುವಿಗೆ ಇಬ್ಬರೂ ಒಂದೊಂದು ಬೀಗ ಹಾಕಿದ್ದರು. "ಮುಡಿಯಾದಮ್ಮಾ, ಆಗಲ್ಲ" ಅಂದರು ಮೊದಲಿಯಾರ್. "ಕಾರ್ಯದರ್ಶಿ ಮೊದಲಿಯಾರೇ ಅಂತ ಸೆಟ್ಟರು ಬರೆದುಕೊಡಲಿ. ಆಮೇಲೆ ತೆಗೀತೀನಿ."

ಸೆಟ್ಟರ ಹತ್ತಿರ ವಾಪಸು ಹೋದರೆ, "ಅವರೇ ಬರೆದುಕೊಡಲಿ" ಅಂದರು. ಹೀಗೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನಾಲ್ಕು ಸಲ ತಿರುಗಿದೆವು. ಒಬ್ಬರೂ ನಮ್ಮನ್ನು ಗದರಲಿಲ್ಲ. ಇಬ್ಬರೂ ಕೂರಿಸಿ, ಉಪಚಾರ ಮಾಡಿ, ಪ್ರಾಂತ್ಯದ ಕೈಗಾರಿಕೆ ಬೆಳೆಯಬೇಕು ಅಂತ ಹೇಳಿಯೇ ಕಳಿಸೋರು. ಅದಕ್ಕೇ ಇನ್ನೂ ಮೈ ಉರಿಯೋದು. ರೈಲಿನಲ್ಲಿ ಅತ್ತೆ, "ಬೈದು ಅಟ್ಟಿದ್ರೆ ಎಂಗೋ ಸಮಾಧಾನ ಆಗ್ತಿತ್ತು ಕಣೇ. ಈ ಮಜ್ಜಿಗೆ ಕುಡ್ದು ಕುಡ್ದು ನಂಗೆ ನೆಗಡಿ ಬಂತು" ಅಂದರು.

ಐದನೇ ಸಲ ಹೋದದ್ದು ಧನುರ್ಮಾಸದಲ್ಲಿ. ಸೆಟ್ಟರು ಮಂಡಿಯಲ್ಲಿರಲಿಲ್ಲ. ಸಂಘದ ಕೋಣೆಗೇ ಹೋದೆವು. ಜವಾನ ಆರ್ಮುಗಂ ಒಬ್ಬನೇ ಇದ್ದ, ವಯಸ್ಸಾದವನು. ಅವನ ಹಿಂದೆ ಆ ಬೀರು, ಗಾಜಿನ ಬಾಗಿಲಿನದು. ಒಳಗೆ ನಮ್ಮ ಎರಡು ಕಂಬಳಿಗಳು ಮಡಿಸಿದ್ದು ಮಡಿಸಿದ ಹಾಗೇ ಇದ್ದವು.

"ಟಪ್ಪಾಲು ಬಂದ್ರೆ ಏನ್ಮಾಡ್ತೀಯಪ್ಪ?" ಅಂತ ಅತ್ತೆ ಕೇಳಿದರು.

"ಯಾರ ಕೈಗೆ ಕೊಟ್ರೂ ಇನ್ನೊಬ್ರು ಬಯ್ತಾರೆ. ಅದಕ್ಕೇ ಮೇಲಿನ ಸಂದಿಯಿಂದ ಒಳಗೆ ಹಾಕಿಬಿಡ್ತೀನಿ ತಾಯಿ" ಅಂದ.

ನಾನು ಗಾಜಿಗೆ ಮುಖ ಇಟ್ಟು ನೋಡಿದೆ. ಕಂಬಳಿ ಮೇಲೆಲ್ಲಾ ಒಡೆಯದ ಲಕೋಟೆಗಳು ಬಿದ್ದಿದ್ದವು. ಒಂದು ಕಾರ್ಡು ಮಾತ್ರ ಗಾಜಿಗೆ ಒರಗಿ ನಿಂತಿತ್ತು, ಬರಹ ಹೊರಗಡೆಗೇ ಇತ್ತು. ಕನ್ನಡದಲ್ಲೇ ಬರೆದಿದ್ದರು. ಓದಿದೆ. ಗಣಿಯ ಸ್ಟೋರಿನಿಂದ ಬಂದದ್ದು. ಕಂಬಳಿ ವಿಚಾರವಾಗಿ ಎರಡು ಪತ್ರ ಬರೆದರೂ ಉತ್ತರವಿಲ್ಲ, ಈ ತಿಂಗಳ ಇಪ್ಪತ್ತನೇ ತಾರೀಖಿನೊಳಗೆ ಮಾದರಿ ತಲುಪದಿದ್ದರೆ ಬೇರೆಯವರಿಂದ ಕೊಳ್ಳಲಾಗುವುದು ಅಂತ ಇತ್ತು.

"ಇವತ್ತೆಷ್ಟು?" ಅಂದೆ. ಆರ್ಮುಗಂ ಗೋಡೆಯ ಕ್ಯಾಲೆಂಡರ್ ನೋಡಿದ. ಇಪ್ಪತ್ತು.

ಅತ್ತೆಗೆ ಓದಿ ಹೇಳಿದೆ. ಬೀರುವಿನ ಹತ್ತಿರಕ್ಕೆ ಬಂದರು. ಗಾಜು ಒಡೆದೇಬಿಡುತ್ತಾರೆ ಅಂದುಕೊಂಡೆ. "ಗಣಿ ಸ್ಟೋರಿಗೇ ನಡಿಯೇ" ಅಂದರು. ಮಾದರಿ ಎಲ್ಲಿ ಅಂತ ನಾನು ಕೇಳಿದರೆ, ನಾನು ಹೊದ್ದಿದ್ದ ಕಂಬಳಿ ಎಳೆದು, "ಇದೇನು, ಸೀಮೆ ರತ್ನಗಂಬಳೀನಾ?" ಅಂದರು.

ರೈಲು ಹತ್ತಿ, ಗಣಿ ಹತ್ತಿರದ ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು ಓಡಿದೆವು. ಸ್ಟೋರ್ ಮುಚ್ಚುವುದಕ್ಕೆ ಸ್ವಲ್ಪ ಹೊತ್ತಿತ್ತು. ಸ್ಟೋರ್ ಕೀಪರ್ ಮೈಸೂರು ಕಡೆಯವರು. ನಾವು ಹೊದ್ದಿದ್ದ ಕಂಬಳಿಗಳನ್ನು ತೆಗೆದು ಮೇಜಿನ ಮೇಲೆ ಹಾಕಿದೆವು. ಅವರು ಎಳೆದು ನೋಡಿ, ನೀರು ಚಿಮುಕಿಸಿ ನೋಡಿದರು. "ಇಷ್ಟು ಹತ್ತಿರ ಇಂಥ ಕಂಬಳಿ ಇದೆ ಅಂತ ಯಾರೂ ಹೇಳಲಿಲ್ಲವಲ್ಲ! ಮೊದಲೆರಡು ಪತ್ರಕ್ಕೂ ಉತ್ತರ ಬರಲಿಲ್ಲ ಅಂತ ಅರ್ಧ ಆಗಲೇ ಬೇರೆ ಊರಿನವರಿಗೆ ಕೊಟ್ಟಾಯಿತು. ಇನ್ನರ್ಧ ಇದೆ" ಅಂದರು. ಆಮೇಲೆ ಒಂದು ಫಾರಂ ತೆಗೆದು, "ಇದಕ್ಕೆ ಸಂಘದ ಕಾರ್ಯದರ್ಶಿ ಸಹಿ ಬೇಕು" ಅಂದರು.

ಅತ್ತೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಯಾವ ಕಾರ್ಯದರ್ಸಿ ಸ್ವಾಮಿ? ನಮ್ ತಾವ ಇಬ್ರವ್ರೆ. ಕೇಳಿದ್ರೆ ಮಜ್ಜಿಗೆ ಕೊಡ್ತಾರೆ, ಸಹಿ ಕೊಡಕ್ಕಿಲ್ಲ. ಕುರಿ ನಮ್ದು, ಉಣ್ಣೆ ನಮ್ದು, ಕೈ ನಮ್ದು. ಬೆಲ್ಲ ಮಾರೋನ ಸಹಿ ಯಾಕೆ ಬೇಕು ನಿಮ್ಗೆ?"

ಸ್ಟೋರ್ ಕೀಪರ್ ಮೊದಲು ನಕ್ಕರು. ಆಮೇಲೆ ಪೂರ್ತಿ ಕಥೆ ಕೇಳಿದರು. ಕೊನೆಗೆ, "ಹತ್ತು ಮನೆಯವರೂ ಸೇರಿ ನೀವೇ ಒಂದು ಸಂಘ ಮಾಡಿಕೊಳ್ಳಿ. ಪಂಚಾಯಿತಿ ಛೇರ್ಮನ್ನರ ಸಹಿ ಹಾಕಿಸಿ ಎಂಟು ದಿನದೊಳಗೆ ತನ್ನಿ. ಮಾದರಿ ಇವತ್ತೇ ಬಂತು ಅಂತ ಬರೆದುಕೊಳ್ತೀನಿ. ಕಾರ್ಯದರ್ಶಿ ಅಂತ ಯಾರ ಹೆಸರು ಹಾಕಲಿ?" ಅಂದರು.

ಅತ್ತೆ ನನ್ನ ಕಡೆ ಕೈ ತೋರಿಸಿದರು.

ಆ ಚಳಿಯಲ್ಲಿ ಹೊದಿಕೆಯಿಲ್ಲದೆ ನಡುಗುತ್ತಾ ಊರಿಗೆ ಬಂದೆವು. ಎಂಟು ದಿನದಲ್ಲಿ ಕಾಗದ ಆಯಿತು, ಕಂಬಳಿ ಹೋದವು. ಆದರೆ ಅರ್ಧವೇ. ಪ್ರತಿ ಮನೆಯಲ್ಲೂ ಅರ್ಧ ಉಳಿಯಿತು. ಗಂಗಮ್ಮನ ಸೂರು ಸೋರಿ, ಉಳಿದದ್ದಕ್ಕೆ ಹುಳು ಬಿತ್ತು. ಮಗ್ಗ ಬಿಚ್ಚಿ ಮೂಲೆಗೆ ಒರಗಿಸಿ, ರಸ್ತೆ ಕೆಲಸಕ್ಕೆ ಕಲ್ಲು ಹೊರಲು ಹೋದಳು. "ನೀನು ಓದಿ ಹೇಳ್ದಲ್ಲ, ಅದ್ಕೆ ಇಟ್ಕೊಂಡೆ ಕಣಮ್ಮ" ಅಂತ ಒಂದೇ ಸಲ ಅಂದಳು. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

ಮಾರನೇ ವರ್ಷ ವರ್ತಕರ ಸಂಘದವರು ಒಂದು ಸಮಾರಂಭ ಮಾಡಿದರು. ಗಣಿಗೆ ನಮ್ಮೂರ ಕಂಬಳಿ ಹೋಗುವಂತೆ ಮಾಡಿದ್ದು ಸಂಘದ ಸತತ ಪ್ರಯತ್ನ ಅಂತ ವರದಿಯಲ್ಲಿ ಅಚ್ಚಾಗಿತ್ತು. ನನ್ನನ್ನು ಕರೆಸಿ ಹಾರ ಹಾಕಿದರು. ಸೆಟ್ಟರು ಒಂದು, ಮೊದಲಿಯಾರ್ ಒಂದು. ಯಾರು ಮೊದಲು ಹಾಕಬೇಕು ಅನ್ನುವುದಕ್ಕೆ ಅಲ್ಲೂ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎರಡು ಮಾತು ಆಡಿ ಅಂದರು.

ಹೇಳಬೇಕಾದ್ದೆಲ್ಲ ರೈಲಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಗಂಗಮ್ಮನ ಹೆಸರು ಹೇಳಬೇಕು ಅಂತಲೇ ಇದ್ದೆ. ಎದ್ದು ನಿಂತೆ. ಮುಂದೆ ಅಷ್ಟು ಜನ, ಪಕ್ಕದಲ್ಲಿ ಆ ಇಬ್ಬರು ನಗುಮುಖದ ದೊಡ್ಡವರು. ಕೈ ಮುಗಿದು, "ತಮ್ಮ ಉಪಕಾರ ಮರೆಯೋದಿಲ್ಲ" ಅಂದು ಕೂತುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು.

ಜೊತೆಗೆ ಬಂದಿದ್ದ ಅತ್ತೆ ವಾಪಸು ರೈಲಿನಲ್ಲಿ ನನ್ನ ಪಕ್ಕ ಕೂರದೆ ಬೇರೆ ಬೆಂಚಿಗೆ ಹೋಗಿ ಕೂತರು. ಅಂಥ ಸಂಘಗಳು ಊರಿಗೆ ಬೇಡ ಅಂತ ನಾನು ಇವತ್ತಿಗೂ ಹೇಳುವುದಿಲ್ಲ, ಬೇಕೇ ಬೇಕು. ಆದರೆ ಅವತ್ತು ಅವರಿಗೆ ಕೈ ಮುಗಿದೆನಲ್ಲ ಅನ್ನುವುದು ನೆನಪಾದರೆ, ಈ ವಯಸ್ಸಿನಲ್ಲೂ ಅವರಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು ಬರುತ್ತದೆ.