ಗುಂಡಣ್ಣನ ಜೆರ್ಸಿ

ಮೊನ್ನೆ ಭಾನುವಾರ ಶೇಖರಣ್ಣನ ಹೆಂಡತಿ ಸುಜಾತಕ್ಕ ನಮ್ಮ ಮನೆಯ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇಟ್ಟು, ಕಾರಿನೊಳಗಿಂದಲೇ ಕೈಬೀಸಿ ಹೊರಟುಹೋದರು. ಬಿಚ್ಚಿ ನೋಡಿದರೆ ಒಂದು ಹಳೆಯ ಫುಟ್‌ಬಾಲ್ ಜೆರ್ಸಿ. ತೊಳೆದದ್ದೇ ಇರಬೇಕು, ಆದರೂ ಗ್ರೀಸಿನ ಜೊತೆಗೆ ಹುರಿದ ಮೀನಿನ ಮಸಾಲೆ ಬೆರೆತ ಒಂದು ವಾಸನೆ ನಮ್ಮ ನಡುಮನೆಯನ್ನೆಲ್ಲ ತುಂಬಿಕೊಂಡಿತು. ಸೋಫಾದಲ್ಲಿ ಕಣ್ಣುಮುಚ್ಚಿ ಮಲಗಿದ್ದ ನಮ್ಮ ಯಜಮಾನರು ಕಣ್ಣು ತೆರೆಯದೆಯೇ, "ಏನು, ಶೇಖರಣ್ಣ ಬಂದ್ರಾ?" ಎಂದು ಕೇಳಿದರು.

ಜೆರ್ಸಿಯ ಬೆನ್ನ ಮೇಲೆ ದಪ್ಪ ಬಿಳಿ ಅಕ್ಷರಗಳಲ್ಲಿ, ಅದೂ ಅಚ್ಚ ಕನ್ನಡದಲ್ಲಿ, ‘ಗುಂಡಣ್ಣ’ ಎಂದು ಬರೆದಿದೆ. ಸ್ವಲ್ಪ ಹೊತ್ತಿಗೆ ಫೋನಿಗೆ ಸುಜಾತಕ್ಕನ ಸಂದೇಶವೂ ಬಂತು: ‘ಎರಡೂ ಬದಿ ಹಿಡಿದು ಸಣ್ಣ ಮಾಡಬೇಕಂತೆ. ತುಂಬಾ ಸಣ್ಣ. ಅವರು ಹೇಳಿದ್ದು.’

ಟೊರಾಂಟೊ ಕಡೆಗೆ ಬಂದ ಹೊಸದರಲ್ಲಿ ಯಾರದೋ ಸೀರೆಗೆ ಫಾಲ್ಸ್ ಹಚ್ಚಿಕೊಡುತ್ತೇನೆಂದು ಬಾಯಿತಪ್ಪಿ ಹೇಳಿದ್ದೆ. ಅಂದಿನಿಂದ ಬ್ರ್ಯಾಂಪ್ಟನ್ನಿನ ಕನ್ನಡದವರಿಗೆ ಏನು ಹರಿದರೂ ಅದು ಪಕ್ಕದ ವಾನ್‌ನಲ್ಲಿರುವ ನಮ್ಮ ಮನೆಗೇ ಬರುತ್ತದೆ. ಅದಕ್ಕೆ ನನಗೆ ಬೇಸರವೇನಿಲ್ಲ. ಆದರೆ ಶೇಖರಣ್ಣನ ಬಟ್ಟೆಯನ್ನು ಸಣ್ಣ ಮಾಡುವುದೆಂದರೆ ಏನರ್ಥ? ಕಂಡಾಗಲೆಲ್ಲ ಒಂದು ಸುತ್ತು ಹೆಚ್ಚಾಗಿಯೇ ಕಾಣುವ ಮನುಷ್ಯ. ಮೂರು ತಿಂಗಳಿಂದ ನೋಡಿರಲಿಲ್ಲ. ಏನಾದರೂ ಕಾಯಿಲೆ ಬಂದು ಇಳಿದುಹೋದರೇ? ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಕತ್ತರಿ ಕೈಗೆತ್ತಿಕೊಳ್ಳಲು ಮನಸ್ಸಾಗದೆ ಜೆರ್ಸಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ.

ನಿಮಗೆ ಅಮೆರಿಕದ ಫುಟ್‌ಬಾಲ್ ಗೊತ್ತಿಲ್ಲದಿದ್ದರೆ ಚಿಂತೆ ಬೇಡ, ನನಗೂ ಅರ್ಧವೇ ಗೊತ್ತು. ಹೆಸರು ಕಾಲ್ಚೆಂಡಾದರೂ ಚೆಂಡಿಗೆ ಕಾಲು ತಗಲುವುದು ಅಪರೂಪ, ಒಬ್ಬರನ್ನೊಬ್ಬರು ಕೆಡವುವುದೇ ಹೆಚ್ಚು ಎಂದು ತಿಳಿದರೆ ಸಾಕು. ನಮ್ಮವರೆಲ್ಲ ಸರೋವರದಾಚೆಯ ಅಮೆರಿಕದ ತಂಡದ ಭಕ್ತರು. ಟೊರಾಂಟೊದಲ್ಲೇ ಒಂದು ತಂಡವಿದೆಯಲ್ಲ ಎಂದು ನೀವು ಕೇಳಬಹುದು. ಇದೆ. ಹಿತ್ತಲ ಗಿಡ ಮದ್ದಲ್ಲ.

ಆಟಕ್ಕಿಂತ ಇವರಿಗೆ ರುಚಿ ಹತ್ತಿದ್ದು ಡ್ರಾಫ್ಟಿನದು. ಪ್ರತಿ ವಸಂತದಲ್ಲಿ ತಂಡಗಳು ಸರದಿಯ ಪ್ರಕಾರ ಕಾಲೇಜಿನ ಹುಡುಗರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಹೆಚ್ಚು ಸೋತವರಿಗೆ ಮೊದಲ ಸರದಿ. ಅದಕ್ಕೆ ಮುಂಚೆ ಆ ಹುಡುಗರನ್ನು ಓಡಿಸಿ, ಹಾರಿಸಿ, ತೋಳು ಎಷ್ಟುದ್ದ, ಅಂಗೈ ಎಷ್ಟಗಲ ಎಂದೆಲ್ಲ ಅಳೆಯುತ್ತಾರೆ. ಮೈಸೂರಿನಲ್ಲಿ ನನ್ನನ್ನು ನೋಡಲು ಬಂದವರು ಹಾಡು ಹೇಳಿಸಿದ್ದರು, ನಡೆಸಿಯೂ ನೋಡಿದ್ದರು, ಆದರೆ ತೋಳು ಅಳೆದಿರಲಿಲ್ಲ. ಆಯ್ಕೆಯಾದ ಹುಡುಗ ವೇದಿಕೆಗೆ ಬಂದಾಗ ತಂಡದ ಟೋಪಿ ಹಾಕಿ ಕೈಗೆ ಜೆರ್ಸಿ ಕೊಡುತ್ತಾರೆ. ಕೆಳಗೆ ಕೂತ ಅವನ ತಾಯಿ ಅಳುತ್ತಾಳೆ. ನಾನು ನೋಡುವುದು ಆ ಭಾಗ ಮಾತ್ರ.

ಶೇಖರಣ್ಣನ ಬೇಸ್‌ಮೆಂಟೇ ಇದಕ್ಕೆಲ್ಲ ಪೀಠ. ಅವರು ಕಾಪುವಿನ ಕಡೆಯವರು, ಮನೆಮಾತು ತುಳು, ಬ್ರ್ಯಾಂಪ್ಟನ್ನಿನಲ್ಲಿ ಟ್ರಕ್ಕು ರಿಪೇರಿಯ ಗ್ಯಾರೇಜು. ಅವರ ಎದುರಾಳಿ ಧಾರವಾಡದ ಪಾಟೀಲರು, ಕೆಲಸ ಸಾಫ್ಟ್‌ವೇರು, ಮನರಂಜನೆ ಶೇಖರಣ್ಣನನ್ನು ಕೆಣಕುವುದು. ನಮ್ಮ ಯಜಮಾನರು ಇಬ್ಬರಿಗೂ ತಲೆಯಾಡಿಸುವವರು. ನಾನು ಅಡುಗೆಮನೆಗೆ ಸೇರಬೇಕಾದವಳೆಂದು ಮೊದಮೊದಲು ಎಲ್ಲರೂ ತಿಳಿದಿದ್ದರು. ಸುಜಾತಕ್ಕ ಕರಿದ ಗೋಳಿಬಜೆಯ ತಟ್ಟೆ ಹಿಡಿದು ಕೆಳಗಿಳಿದವಳು ಮತ್ತೆ ಮೇಲೆ ಹತ್ತಲಿಲ್ಲ.

ನಾಲ್ಕು ವರ್ಷದ ಹಿಂದಿನ ವಸಂತ ಅದು. ನಮ್ಮ ತಂಡ ಮನಸ್ಸಿಟ್ಟು ಸೋತಿತ್ತು, ಹಾಗಾಗಿ ಸರದಿ ಬೇಗನೆ ಬರುವುದಿತ್ತು. ಕಾಲೇಜು ಹುಡುಗರ ಹೆಸರುಗಳು ನಮ್ಮ ನಾಲಗೆಗೆ ಬಗ್ಗದ ಕಾರಣ ಒಬ್ಬೊಬ್ಬರಿಗೂ ನಾಮಕರಣ ಮಾಡಿದ್ದೆವು. ಎತ್ತರದವನು ಕಂಬ, ತಲೆತಗ್ಗಿಸಿ ನುಗ್ಗುವವನು ಗೂಳಿ, ಎದುರಾಳಿಯನ್ನು ಹೊಟ್ಟೆಯಿಂದಲೇ ತಳ್ಳಿ ಕೆಡವುವ ಒಬ್ಬ ಮಹಾಕಾಯ ಗುಂಡಣ್ಣ. ಶೇಖರಣ್ಣನಿಗೆ ಗುಂಡಣ್ಣನೇ ಬೇಕು. ಅಷ್ಟೂ ಹುಡುಗರಲ್ಲಿ ಶ್ರೇಷ್ಠ ಅವನೇ ಎನ್ನುವುದು ಟಿ.ವಿ.ಯವರ ಮಾತೂ ಆಗಿತ್ತು. ತೊಡಕೇನೆಂದರೆ, ಅವನ ಜಾಗದಲ್ಲಿ ಆಡಲು ನಮ್ಮ ತಂಡದಲ್ಲಿ ಆಗಲೇ ಇಬ್ಬರು ಒಳ್ಳೆಯವರಿದ್ದರು. ಇಲ್ಲದೆ ಇದ್ದದ್ದು, ಚೆಂಡೆಸೆಯುವವನ ಮುಂದೆ ಗೋಡೆಯಂತೆ ನಿಂತು ಅವನನ್ನು ಕಾಯುವವನು. ಆ ಕೆಲಸಕ್ಕೆ ಕಂಬ ಹೇಳಿಮಾಡಿಸಿದ ಹಾಗಿದ್ದ.

"ಮನಿ ಸೋರಾಕತ್ತೈತಿ, ನೀವು ತೂಗುದೀಪದ ಝೂಮರ್ ತರ್ತೀನಿ ಅಂತೀರಲ್ರಿ," ಎಂದು ಪಾಟೀಲರು ಶುರುಮಾಡುತ್ತಿದ್ದರು. "ಮೊದಲ ಮಾಳಿಗಿ ನೋಡ್ರಿ."

"ಒಟ್ಟೆ ಮುಚ್ಚಲಿಕ್ಕೆ ಜನ ತರುವುದಲ್ಲ ಮಾರಾಯ್ರೆ," ಎಂದು ಶೇಖರಣ್ಣ ಟೀಪಾಯಿ ಗುದ್ದುತ್ತಿದ್ದರು. ಕರಾವಳಿಯವರ ಬಾಯಲ್ಲಿ ತೂತಿಗೆ ಒಟ್ಟೆ. "ಬೆಸ್ಟ್ ಪ್ಲೇಯರ್ ಯಾರು ಉಂಟೋ ಅವನನ್ನು ತರುವುದು. ಒಳ್ಳೆಯವನಿಗೆ ಜಾಗ ತನ್ನಿಂದ ತಾನೇ ಆಗ್ತದೆ. ಒಟ್ಟೆ ಹಾಗೇ ಇರ್ಲಿ, ಎಂತ ಆಗ್ತದೆ?"

ನನ್ನ ಆಯ್ಕೆ ಬೇರೆಯೇ ಇತ್ತು. ಒಬ್ಬ ಹುಡುಗನ ತಾಯಿಯನ್ನು ಟಿ.ವಿ.ಯಲ್ಲಿ ತೋರಿಸಿದ್ದರು, ಏನು ಸಾತ್ವಿಕ ಮುಖ ಅಂತೀರಿ! ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರೆ. ಮಗನಾದರೂ ಅದೇ ನೂಲಲ್ಲವೇ ಎಂದು ವಾದಿಸಿದೆ. ಗಂಡಸರು ನನ್ನ ಮಾತನ್ನು ಗೌರವದಿಂದ ಕೇಳಿ, ಇನ್ನೆರಡು ಗೋಳಿಬಜೆ ಹಾಕಿಕೊಂಡರು.

ಶೇಖರಣ್ಣ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಡ್ರಾಫ್ಟಿಗೆ ಮೊದಲೇ ಅಂಗಡಿಯಲ್ಲಿ ಜೆರ್ಸಿಗೆ ಹೆಸರು ಅಚ್ಚು ಹಾಕಿಸಿಕೊಂಡು ಬಂದರು. ಆ ಹುಡುಗನ ನಿಜವಾದ ಹೆಸರನ್ನಲ್ಲ, ‘ಗುಂಡಣ್ಣ’ ಎಂದೇ. "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸ್ಯಾರ ನೋಡ್ರಿ!" ಎಂದು ಪಾಟೀಲರು ಬಿದ್ದು ಬಿದ್ದು ನಕ್ಕರು.

ಈ ಗದ್ದಲದ ನಡುವೆ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿರುತ್ತಿದ್ದವಳು ಶ್ರಾವ್ಯಾ, ಶೇಖರಣ್ಣನ ಒಬ್ಬಳೇ ಮಗಳು. ಆಗ ಹೈಸ್ಕೂಲಿನ ಕೊನೆಯ ವರ್ಷ. ನಾವು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲಿ, ಅದೂ ಒಂದೇ ಪದ. ಆಟಗಾರ ಯಾರಾದರೂ ಬಿದ್ದಾಗ ಮಾತ್ರ ತಲೆ ಎತ್ತುತ್ತಿದ್ದಳು. "ನಾಟ್ ದ ನೀ. ಆ್ಯಂಕಲ್," ಎಂದು, ಪೆಟ್ಟು ಮಂಡಿಗಲ್ಲ ಪಾದದ ಗಂಟಿಗೆ ಎಂದು ತಿಳಿಸಿ, ಮತ್ತೆ ತಲೆ ತಗ್ಗಿಸುವಳು. ಅರ್ಧ ಗಂಟೆಯ ನಂತರ ಟಿ.ವಿ.ಯವರೂ ಅದನ್ನೇ ಹೇಳುತ್ತಿದ್ದರು.

ಅವಳಿಗೆ ಆಟಗಾರರ ಗಾಯ, ಉಳುಕು ನೋಡಿಕೊಳ್ಳುವ ಥೆರಪಿ ಓದುವ ಆಸೆ. ವಿನ್ನಿಪೆಗ್‌ನಲ್ಲಿ ಸೀಟೂ ಸಿಕ್ಕಿತ್ತು. ಶೇಖರಣ್ಣ ಒಪ್ಪಿರಲಿಲ್ಲ. ಅವರ ಗ್ಯಾರೇಜಿನ ಆಫೀಸು ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಒಶಾವಾಕ್ಕೆ ಹೋಗಿದ್ದರು, ಕುರ್ಚಿ ಖಾಲಿ ಬಿದ್ದಿತ್ತು. ಮಗಳು ಇಲ್ಲೇ ಹತ್ತಿರದಲ್ಲಿ ಅಕೌಂಟ್ಸ್ ಓದಿಕೊಂಡು ಆ ಕುರ್ಚಿಯಲ್ಲಿ ಕೂರಲಿ ಎಂಬುದು ಅವರ ಲೆಕ್ಕ. "ಕಾಲು ತಿಕ್ಕಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ನನ್ನ ಕಾಲೇ ಉಂಟಲ್ಲ ಇಲ್ಲಿ," ಎನ್ನುತ್ತಿದ್ದರಂತೆ. ಸುಜಾತಕ್ಕ ಇದನ್ನು ಹೇಳುವಾಗ ನಗುತ್ತಲೇ ಹೇಳಿದರು, ಆದರೆ ಹೇಳಿ ಮುಗಿಸಿ ಒಲೆಯ ಕಡೆ ತಿರುಗಿಕೊಂಡರು. ಬರುತ್ತೇನೋ ಇಲ್ಲವೋ ಎಂದು ವಿನ್ನಿಪೆಗ್‌ಗೆ ತಿಳಿಸಲು ಆ ವಾರವೇ ಕೊನೆ.

ಮೂರು ತಿಂಗಳು ಕೂತು ಊರಿನ ಹುಡುಗರ ಅಂಗೈ ಎಷ್ಟಗಲ ಎಂದು ಬಾಯಿಪಾಠ ಮಾಡಿದ ಮನುಷ್ಯನಿಗೆ ಮನೆಯ ಹುಡುಗಿಯ ಕೈ ಏನು ಮಾಡಬಲ್ಲದೆಂದು ಗೊತ್ತಿರಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಆದರೆ ಅವರ ಮನೆಯ ಗೋಳಿಬಜೆ ತಿಂದು ಅವರಿಗೇ ಬುದ್ಧಿ ಹೇಳುವುದು ಹೇಗೆ?

ಡ್ರಾಫ್ಟಿನ ಸಂಜೆ ಬಂತು. ಶೇಖರಣ್ಣ ಗುಂಡಣ್ಣನ ಜೆರ್ಸಿ ತೊಟ್ಟು ಕೂತರು. ಪಾಟೀಲರು ಮಂಡಕ್ಕಿಯ ಗಿರ್ಮಿಟ್ ತಂದಿದ್ದರು. ಒಂದೊಂದೇ ತಂಡದ ಸರದಿ ಮುಗಿಯಿತು, ಗುಂಡಣ್ಣನನ್ನೂ ಯಾರೂ ಮುಟ್ಟಲಿಲ್ಲ, ಕಂಬನನ್ನೂ ಮುಟ್ಟಲಿಲ್ಲ. ಕೊನೆಗೆ ಪರದೆಯ ಮೇಲೆ ನಮ್ಮ ತಂಡದ ಗುರುತು ಮೂಡಿತು. ಆಯ್ಕೆ ಹೇಳಲು ಕೆಲವೇ ನಿಮಿಷಗಳ ಗಡುವು, ಪಕ್ಕದಲ್ಲಿ ಗಡಿಯಾರ ಇಳಿಯತೊಡಗಿತು. ಶೇಖರಣ್ಣ ಕೈಮುಗಿದುಕೊಂಡರು.

ಅಷ್ಟರಲ್ಲಿ ಟಿ.ವಿ.ಯ ಸದ್ದು ನಿಂತಿತು. ರಿಮೋಟ್ ಹಿಡಿದು ಶ್ರಾವ್ಯಾ ಪರದೆಗೆ ಅಡ್ಡ ನಿಂತಿದ್ದಳು.

"ಏ! ಎಂತ ಮಾಡ್ತೀ? ಸರಿ ಅತ್ಲಾಗೆ!" ಎಂದು ಶೇಖರಣ್ಣ ಕೂಗಿದರು. ನಮ್ಮ ಯಜಮಾನರು ಅವಳ ಎಡಕ್ಕೆ ಬಗ್ಗಿ ನೋಡಿದರು, ಪಾಟೀಲರು ಬಲಕ್ಕೆ. ಅವಳು ಕದಲಲಿಲ್ಲ. ಆಮೇಲೆ ಮಾತಾಡಿದಳು, ಅದೂ ಕನ್ನಡದಲ್ಲಿ.

"ನಮಸ್ಕಾರ. ನನ್ನ ಹೆಸರು ಶ್ರಾವ್ಯಾ. ಹೈಟ್ ಐದು ಅಡಿ ನಾಲ್ಕು ಇಂಚು. ತೋಳು ಯಾರೂ ಮೆಷರ್ ಮಾಡ್ಲಿಲ್ಲ. ಸ್ಟ್ರೆಂತ್, ಯಾರು ಬಿದ್ರೂ ಎಲ್ಲಿ ನೋವು ಅಂತ ನನಗೆ ಗೊತ್ತಾಗ್ತದೆ. ವೀಕ್ನೆಸ್, ಬೆಳಿಗ್ಗೆ ಏಳುವುದಿಲ್ಲ. ಅಕೌಂಟ್ಸ್ ಕಂಡ್ರೆ ಮಧ್ಯಾಹ್ನವೂ ನಿದ್ದೆ ಬರ್ತದೆ." ಒಮ್ಮೆ ಉಸಿರು ಎಳೆದುಕೊಂಡಳು. "ಎರಡು ಟೀಮ್ ಉಂಟು. ಒಂದು ವಿನ್ನಿಪೆಗ್. ಇನ್ನೊಂದು ಟೀಮಲ್ಲಿ ಮುಚ್ಚಲಿಕ್ಕೆ ಒಟ್ಟೆ ಉಂಟು, ಗ್ಯಾರೇಜಲ್ಲಿ. ಪಪ್ಪಾ, ನಿಮ್ಮ ರೂಲ್ ಎಂತ?"

ಹಿಂದಿನ ದಿನ ಅವಳು ನನಗೆ ಫೋನ್ ಮಾಡಿ, ‘ಮುಚ್ಚಲಿಕ್ಕೆ’ ಎಂದರೆ ಕವರ್ ಮಾಡುವುದು ತಾನೇ ಎಂದು ಕೇಳಿದ್ದು ಯಾಕೆಂದು ಆಗ ಹೊಳೆಯಿತು.

ಶೇಖರಣ್ಣ ನಮ್ಮೆಲ್ಲರ ಮುಖ ನೋಡಿದರು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಕೊನೆಗೆ ಪಾಟೀಲರು ಗಿರ್ಮಿಟ್ ಬಟ್ಟಲು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ನೋಡ್ರಿ ಶೇಖರಣ್ಣಾರ, ನನ್ನ ವಿಚಾರದಾಗ ಮೊದಲ ಒಟ್ಟೆ ಮುಚ್ಚಬೇಕು. ಅಂದ್ರ ಹುಡುಗಿ ಗ್ಯಾರೇಜಿಗೇ ಬರಬೇಕು. ನೀವೂ ಹಂಗ ಅಂದ್ರ ಬಾಳ ಚಲೋ ಆತು. ಇಷ್ಟು ದಿನಾ ನಾ ಹೇಳಿದ್ದ ಖರೇ ಅಂತ ಇವರೆಲ್ಲಾರ ಮುಂದ ಒಪ್ಕೊಂಡು ಬಿಡ್ರಿ."

ಪಾಟೀಲರು ಕೆಣಕಲು ಹೇಳಿದರೋ, ಹುಡುಗಿಯ ಪರವಾಗಿ ಹೂಡಿದ ಉಪಾಯವೋ, ಇಂದಿಗೂ ಕೇಳಿದರೆ ಮೀಸೆಯಲ್ಲೇ ನಗುತ್ತಾರೆ. ಶೇಖರಣ್ಣನಿಗೆ ಅತ್ತ ದರಿ, ಇತ್ತ ಪುಲಿ. ಮಗಳ ಭುಜದ ಹಿಂದೆ ಗಡಿಯಾರ ಇಳಿಯುತ್ತಲೇ ಇತ್ತು. ಆದರೆ ನಾನು ಕಂಡೆ, ಅವರು ಈಗ ಗಡಿಯಾರ ನೋಡುತ್ತಿರಲಿಲ್ಲ. ಮಗಳನ್ನು ತಲೆಯಿಂದ ಕಾಲಿನವರೆಗೆ, ಇದೇ ಮೊದಲ ಸಲವೆಂಬಂತೆ ನೋಡುತ್ತಿದ್ದರು.

"ವಿನ್ನಿಪೆಗಲ್ಲಿ ಚಳಿ ಎಷ್ಟುಂಟು ಅಂತ ಗೊತ್ತುಂಟಾ?" ಎಂದರು.

"ಗೊತ್ತುಂಟು."

"ಮತ್ತೆ ಊಟ?"

"ಗಂಜಿ ಮಾಡ್ಲಿಕ್ಕೆ ಬರ್ತದೆ."

ಶೇಖರಣ್ಣ ಎರಡೂ ಕೈಯಿಂದ ಮುಖ ಒರೆಸಿಕೊಂಡರು. "ಬೆಸ್ಟ್ ಪ್ಲೇಯರ್," ಎಂದರು. ಅಷ್ಟೇ. ಎದ್ದು, ನೀರು ಕುಡಿದು ಬರುತ್ತೇನೆಂದು ಮೆಟ್ಟಿಲು ಹತ್ತಿದರು. ನೀರಿನ ಬಾಟಲಿ ಅವರ ಮುಂದೆಯೇ ಇತ್ತು. ಮೆಟ್ಟಿಲ ಮೇಲೆ ನಿಂತಿದ್ದ ಸುಜಾತಕ್ಕ ಸೆರಗು ಬಾಯಿಗಿಟ್ಟು ಅಳುತ್ತಿದ್ದರು. ಡ್ರಾಫ್ಟಿನಲ್ಲಿ ನಾನು ಕಾಯುವುದು ಅಳುವ ತಾಯಿಯ ಮುಖಕ್ಕೇ ಎಂದೆನಲ್ಲ, ಅಂದು ಟಿ.ವಿ.ಯ ಕಡೆ ನೋಡುವ ಅಗತ್ಯವೇ ಬೀಳಲಿಲ್ಲ.

ಶೇಖರಣ್ಣ ಇಳಿದು ಬಂದು ಸದ್ದು ಮತ್ತೆ ಹಾಕುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಮ್ಮ ತಂಡ ಗುಂಡಣ್ಣನನ್ನೂ ಆರಿಸಿರಲಿಲ್ಲ, ಕಂಬನನ್ನೂ ಆರಿಸಿರಲಿಲ್ಲ. ತನ್ನ ಸರದಿಯನ್ನೇ ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಮುಂದಿನ ವರ್ಷದ ಸರದಿ ಇಸಿದುಕೊಂಡಿತ್ತು. ಗುಂಡಣ್ಣ ಆ ಬೇರೆಯವರ ಪಾಲಾದ. ಮೂರು ತಿಂಗಳು ಕಿತ್ತಾಡಿದ ಶೇಖರಣ್ಣ ಮತ್ತು ಪಾಟೀಲರು ಅಂದು ಮೊದಲ ಬಾರಿಗೆ ಒಂದೇ ಸೋಫಾದಲ್ಲಿ ಕೂತು ಒಂದೇ ದನಿಯಲ್ಲಿ ತಂಡವನ್ನು ಬೈದರು. ಜೆರ್ಸಿ ವ್ಯರ್ಥವಾಯಿತಲ್ಲ ಎಂದರೆ ಶೇಖರಣ್ಣ ಕೇಳಲಿಲ್ಲ. ಅಂದಿನಿಂದ ಎಲ್ಲ ಆಟಕ್ಕೂ ಅದೇ ಜೆರ್ಸಿ, ಗ್ಯಾರೇಜಿಗೂ ಅದೇ.

ಇಷ್ಟು ನೆನೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಶೇಖರಣ್ಣನೇ.

"ಏನ್ ಶೇಖರಣ್ಣ, ಹುಷಾರಾಗಿದ್ದೀರಾ? ಯಾಕೆ ಇಷ್ಟು ಇಳಿದುಹೋದ್ರಿ?"

"ಯಾರು ಇಳಿದದ್ದು? ನನಗೆ ಬೆಲ್ಟಿಗೆ ಹೊಸ ಒಟ್ಟೆ ಹಾಕ್ಲಿಕ್ಕೆ ಜಾಗ ಇಲ್ಲ ಅಕ್ಕ. ಅದು ಶ್ರಾವ್ಯನಿಗೆ. ಜೂನಲ್ಲಿ ಅವಳ ಕಾನ್ವೊಕೇಶನ್ ಅಲ್ವಾ, ನಾವು ಹೋಗ್ತೇವೆ. ಅವಳು ಸ್ಟೇಜಿಂದ ಇಳಿದ ಕೂಡ್ಲೇ ಕೊಡುವುದು ಅಂತ. ಟೋಪಿ ಅವರೇ ಹಾಕ್ತಾರಂತೆ, ಜೆರ್ಸಿ ನಾವು ಕೊಟ್ರೆ ಆಯ್ತು. ಅವಳಿಗೆ ಹೇಳ್ಬೇಡಿ ಮತ್ತೆ."

ಹೆಸರು ತೆಗೆಸಿ ‘ಶ್ರಾವ್ಯಾ’ ಎಂದು ಹಾಕಿಸಲೇ ಎಂದೆ. ಬೇಡ, ಗುಂಡಣ್ಣನೇ ಇರಲಿ, ಅವಳಿಗೆ ಅರ್ಥ ಆಗ್ತದೆ ಎಂದರು. ಗ್ಯಾರೇಜಿನ ಕುರ್ಚಿಯ ಬಗ್ಗೆ ಕೇಳಿದೆ.

"ಅದು ಹಾಗೇ ಉಂಟು. ಈಗ ಬೆಕ್ಕು ಮಲಗ್ತದೆ," ಎಂದು ಜೋರಾಗಿ ನಕ್ಕರು. ಆಮೇಲೆ ಫೋನ್ ಇಟ್ಟರು.

ಕತ್ತರಿ ಹಿಡಿದು ಕೂತ ಮೇಲೆ ನೆನಪಾಯಿತು, ಹುಡುಗಿಯ ಅಳತೆಯೇ ನನ್ನಲ್ಲಿಲ್ಲ. ವಿನ್ನಿಪೆಗ್‌ಗೆ ಫೋನ್ ಹಚ್ಚಿ, ಚೂಡಿದಾರ ಹೊಲಿಯುತ್ತೇನೆಂದು ಒಂದು ಸುಳ್ಳು ಹೇಳಿ, ಭುಜ ಎಷ್ಟು, ತೋಳು ಎಷ್ಟುದ್ದ ಎಂದು ಕೇಳಿದೆ. ಅವಳು ಟೇಪು ಹುಡುಕಿ ತಂದು ಅಳೆದು ಹೇಳಿದಳು. ಹೇಳಿ, ಕನ್ನಡದಲ್ಲೇ ಕೇಳಿದಳು:

"ಆಂಟಿ, ನನ್ನನ್ನು ಯಾರು ಡ್ರಾಫ್ಟ್ ಮಾಡ್ತಾ ಇದ್ದಾರೆ?"

"ಅದು ಹೇಳೋ ಹಾಗಿಲ್ಲಮ್ಮ," ಎಂದೆ. "ಒಟ್ಟೆ ಮುಚ್ಚಕ್ಕಂತೂ ಅಲ್ಲ."